ಅರೆಬರೆ ಗಾಳಿ, ಫುಲ್ ಬೆಂಕಿ

ನಮ್ಮಜ್ಜಿ ಹಸಿ ಹುಲ್ಲಿನ ಬಣವೆ ಒಟ್ಟಿಸಿದ್ರೆ ನಾಲ್ಕು ದಿನ ಬಿಟ್ಟು ಒಳಗೆ ಮೊಣಕೈ ತನಕ ಕೈ ತೂರಿಸಿ ನೋಡೋರು, ಬಿಸಿ ತಾಗ್ತೋ ಮುಗೀತು, ಆಳುಗಳಿಗೆ ಬಯ್ತಾ ಬಯ್ತಾ ಪೂರ್ತಿ ಬಿಚ್ಚಿಸಿ ಹರವಿಸೋರು. ಅವರ ಹತ್ರ ಲ್ಯಾಬೂ ಇರ್ಲಿಲ್ಲ, ಕಮಿಟಿನೂ ಇರ್ಲಿಲ್ಲ.

ಕಲ್ಲಿದ್ದಲ ಗುಡ್ಡೆದೂ ಹೆಚ್ಚುಕಮ್ಮಿ ಇದೇ ಬುದ್ಧಿ. ಸುಮ್ನೆ ಕೂತಲ್ಲೇ ಆಕ್ಸಿಜನ್ ಹೀರ್ಕೊಂಡು ಬಿಸಿಯಾಗುತ್ತೆ, ಬಿಸಿಯಾದಷ್ಟೂ ಇನ್ನೂ ಜೋರಾಗಿ ಹೀರುತ್ತೆ, ಹತ್ತು ಡಿಗ್ರಿ ಏರಿದ್ರೆ ವೇಗ ಸುಮಾರು ಡಬಲ್, ಕೊನೆಗೊಂದು ದಿನ ಯಾರೂ ಕಡ್ಡಿ ಗೀರದೇನೇ ಹೊಗೆ. ಮಜಾ ಇರೋದು ಗಾಳಿ ಲೆಕ್ಕದಲ್ಲಿ. ಗಾಳಿ ಚೆನ್ನಾಗಿ ಆಡಿದ್ರೆ ಬಿಸಿ ಹಾರಿಹೋಗುತ್ತೆ, ಗಾಳಿನೇ ನುಗ್ಗದ ಹಾಗೆ ಮುಚ್ಚಿದ್ರೆ ಬಿಸಿ ಹುಟ್ಟೋದೇ ಇಲ್ಲ. ಬೆಂಕಿ ಹತ್ಬೇಕು ಅಂದ್ರೆ ಅರೆಬರೆ ಗಾಳಿ ಬೇಕು. ಅರೆಬರೆ! ನಮ್ಮ ದೇಶದಲ್ಲಿ ಅದಕ್ಕೇನು ಬರ ಹೇಳಿ.

ಝಾರ್ಖಂಡಿನ ಝರಿಯಾ ನೋಡಿ. ಅಲ್ಲಿ ಹಳೇ ಕಂಪನಿಗಳು ಕಲ್ಲಿದ್ದಲು ಅರ್ಧ ತೆಗೆದು, ಅರ್ಧ ಕಂಬದ ಥರ ಒಳಗೇ ಬಿಟ್ಟು, ಗಣಿ ಬಾಯಿ ನೆಟ್ಟಗೆ ಮುಚ್ಚದೆ ಎದ್ದು ಹೋದ್ವು. 1916ರಲ್ಲಿ ಮೊದಲ ಬೆಂಕಿ ಕಾಣಿಸ್ತು, ಇವತ್ತಿಗೂ ಆರಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದ್ರು ಅಂತ ನಮ್ಮಲ್ಲಿ ಗಾದೆ, ಅಲ್ಲಿ ತೋಡಿದ್ದಕ್ಕೇ ಬೆಂಕಿ ಬಿದ್ದಿದ್ದು.

ಪಕ್ಕದ ಧನಬಾದ್‌ನಲ್ಲಿ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ ಶುರುವಾಗಿದ್ದು 1926ರಲ್ಲಿ, ಅಂದ್ರೆ ಬೆಂಕಿ ಹತ್ತು ವರ್ಷ ಸೀನಿಯರ್. ಸ್ಕೂಲು ಐಐಟಿ ಆಯ್ತು, ಬೆಂಕಿಗೆ ಮಾತ್ರ ಇನ್ನೂ ಟಿಸಿ ಕೊಟ್ಟಿಲ್ಲ. ಇಂಧನ ಸಂಶೋಧನೆಯ ಕೇಂದ್ರ ಸಂಸ್ಥೆದು ಒಂದು ಕ್ಯಾಂಪಸ್ಸಂತೂ ಡಿಗ್ವಾಡಿಹ್‌ನಲ್ಲಿ, ಅದೇ ಗಣಿ ಸೀಮೆಯೊಳಗೇ. ಯಾವ ಕಲ್ಲಿದ್ದಲು ಬೇಗ ತಾನಾಗೇ ಹತ್ಕೊಳ್ಳುತ್ತೆ ಅಂತ ನೋಡೋ ಟೆಸ್ಟ್ ಹೇಗಪ್ಪಾ ಅಂದ್ರೆ, ಕಲ್ಲಿದ್ದಲು ಪುಡಿ ಮಾಡಿ ಗಾಜಿನ ನಳಿಗೆಗೆ ತುಂಬಿ, ಗ್ಲಿಸರಿನ್‌ನಲ್ಲಿ ಇಳಿಬಿಟ್ಟು, ಆಕ್ಸಿಜನ್ ಹಾಯಿಸ್ತಾ ನಿಮಿಷಕ್ಕೊಂದು ಡಿಗ್ರಿ ಕಾಯಿಸ್ತಾ ಹೋಗೋದು, ಪುಡಿಯ ಬಿಸಿ ಸುತ್ತಲಿನ ಬಿಸಿಯನ್ನ ಯಾವಾಗ ದಾಟುತ್ತೋ ಅದೇ ಕ್ರಾಸಿಂಗ್ ಪಾಯಿಂಟ್. 120ರಿಂದ 140ರೊಳಗೆ ದಾಟಿದ್ರೆ ಭಾರೀ ಮುಂಗೋಪಿ, 160 ಮೇಲಾದ್ರೆ ಸಾಧು. ಪಾಪ, ಆ ವಿಜ್ಞಾನಿಗಳ ಕೆಲಸದಲ್ಲಿ ತಪ್ಪು ಹುಡುಕೋ ಹಾಗಿಲ್ಲ, ಗುಡ್ಡೆನ ಒತ್ತಿ ಗಟ್ಟಿ ಮಾಡಿ, ಹಳೇ ಸ್ಟಾಕ್ ಮೊದಲು ಖಾಲಿ ಮಾಡಿ, ಬಿಟ್ಟ ಗಣಿ ಸರಿಯಾಗಿ ಮುಚ್ಚಿ ಅಂತ ಯಾವತ್ತೋ ಹೇಳಿ ಮುಗಿಸಿದ್ದಾರೆ. ಅವರು ಅಳೀದೇ ಬಿಟ್ಟಿದ್ದು ಒಂದೇ, ಫೈಲಿನ ಕ್ರಾಸಿಂಗ್ ಪಾಯಿಂಟ್. ಅದನ್ನ ನಾನೇ ಲೆಕ್ಕ ಹಾಕಿದೀನಿ: 1916ರಿಂದ 93 ವರ್ಷ. ಬೆಂಕಿ ಆರಿಸಿ, ಅದರ ಮೇಲಿರೋ ಜನರನ್ನ ಬೇರೆ ಕಡೆ ಸಾಗಿಸೋ ಝರಿಯಾ ಮಾಸ್ಟರ್ ಪ್ಲಾನ್‌ಗೆ ದಿಲ್ಲಿ ಒಪ್ಪಿಗೆ ಸಿಕ್ಕಿದ್ದು 2009ರ ಆಗಸ್ಟ್‌ನಲ್ಲಿ, 7,112 ಕೋಟಿ. 2021ಕ್ಕೆ ಅದರ ಅವಧಿ ಮುಗೀತು, ಬೆಂಕಿದು ಮುಗೀಲಿಲ್ಲ. 2025ರ ಜೂನ್‌ನಲ್ಲಿ ತಿದ್ದಿದ ಪ್ಲಾನ್ ಬಂತು, 5,940 ಕೋಟಿ.

ಈ ಸಲ ಜೀವನೋಪಾಯಕ್ಕೆ ಅಂತ ಕುಟುಂಬಕ್ಕೆ ಒಂದು ಲಕ್ಷ ಗ್ರಾಂಟ್ ಕೂಡ ಇದೆ. ಅಂದ್ರೆ ಬೆಂಕಿ ಮೇಲಿಂದ ಎಬ್ಬಿಸಿ ಬೆಲ್‌ಗಢಿಯಾದ ಕ್ವಾರ್ಟರ್ಸ್‌ಗೆ ಹಾಕಿದ ಜನ ಮನೆ ಒಳಗೆ ಕೂತು ಉಣ್ಣೋದೇನನ್ನ ಅನ್ನೋದು ಈಗ ಹೊಳೀತು. ಝರಿಯಾದ ದಾರೀಲಿ ಸೈಕಲ್‌ಗೆ ಆನೆ ಹೊರೋವಷ್ಟು ಕಲ್ಲಿದ್ದಲ ಚೀಲ ಕಟ್ಕೊಂಡು, ಹತ್ತಿ ಓಡಿಸೋಕಾಗದೆ ದಿಬ್ಬದಲ್ಲಿ ತಳ್ಕೊಂಡು ಹೋಗೋರನ್ನ ಕೇಳಿ, ಯಾವ ಬಿರುಕಿನ ಹತ್ರ ಚಪ್ಪಲಿ ಎಷ್ಟು ಹೊತ್ತಿಗೆ ಮೆತ್ತಗಾಗುತ್ತೆ ಅಂತ ಕರೆಕ್ಟಾಗಿ ಹೇಳ್ತಾರೆ, ಗ್ಲಿಸರಿನ್ ಏನೂ ಬೇಡ.