ಹಡಗಿನಲ್ಲಿ ಎಲ್ಲಾ ಫ್ರೀ ಅಂತೆ!

ಮೊನ್ನೆ ರವಿವಾರ ಸಿಂಧನೂರಿನಲ್ಲಿ ನಮ್ಮ ಗೊಬ್ಬರ ಡೀಲರ್‌ಗಳ ಮೀಟಿಂಗ್ ಇತ್ತು. ಮಾರಾಟದ ಟಾರ್ಗೆಟ್ ಮುಟ್ಟಿದ ಡೀಲರಿಗೆ ಕಂಪನಿ ಹಡಗಿನ ಟೂರ್ ಕೊಡುತ್ತದೆ. ಊಟಕ್ಕೆ ಮುಂಚೆ ಟೂರ್‌ನವನೊಬ್ಬ ಮೈಕ್ ಹಿಡಿದ. ಹಿಂದೆ ಪರದೆ ಮೇಲೆ ದೊಡ್ಡ ಬಿಳಿ ಹಡಗಿನ ಚಿತ್ರ. "ಊಟ ಫ್ರೀ! ಜ್ಯೂಸ್ ಫ್ರೀ! ಸ್ವಿಮ್ಮಿಂಗ್ ಫ್ರೀ! ಡ್ಯಾನ್ಸ್ ಶೋ ಫ್ರೀ! ನೀವು ಟಾರ್ಗೆಟ್ ಮುಟ್ಟಿಸಿ ಸಾರ್, ಹಡಗು ಹತ್ತಿದ ಮೇಲೆ ಜೇಬಿಗೆ ಕೈ ಹಾಕಿದ್ರೆ ನನ್ನ ಕೇಳಿ!" ಸಭೆಯಲ್ಲಿ ಸೀಟಿಯೋ ಸೀಟಿ.

ಹಿಂದಿನ ಸಾಲಿನಲ್ಲಿ ನನ್ನ ಅಕ್ಕನ ಮಗ ಕೂತಿದ್ದ. ಅವನು ಮಾತ್ರ ಸೀಟಿ ಹೊಡೆಯಲಿಲ್ಲ. ತಲೆ ತಗ್ಗಿಸಿ ಮೊಬೈಲ್ ತಿಕ್ಕುತ್ತಿದ್ದ. ಹೋದ ತಿಂಗಳಷ್ಟೇ ಗಂಡ ಹೆಂಡತಿ ಇಬ್ಬರೂ ಸಿಂಗಾಪುರದಿಂದ ನಾಲ್ಕು ರಾತ್ರಿಯ ಇಂಥದ್ದೇ ಫ್ರೀ ಹಡಗು ಹತ್ತಿ ಬಂದಿದ್ದಾರೆ. ಬಂದ ಮರುದಿನವೇ ನನ್ನ ಅಂಗಡಿಗೆ ಬಂದು ಮಡಚಿದ ಮೂರು ಹಾಳೆ ಗಲ್ಲಾಪೆಟ್ಟಿಗೆ ಮೇಲಿಟ್ಟಿದ್ದ. "ಮಾವಾ, ಎಲ್ಲಾ ಫ್ರೀ ಅಂದಿದ್ರಲ್ರೀ?"

ಬಿಲ್ಲು 579 ಅಮೆರಿಕನ್ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ನನಗೆ ಬೇರೆ ಲೆಕ್ಕ ಬರುವುದಿಲ್ಲ, ಹಾಗಾಗಿ ಹೇಳುತ್ತೇನೆ: ಚೀಲಕ್ಕೆ 1350ರ ದರದಲ್ಲಿ 37 ಚೀಲ ಡಿಎಪಿ ಗೊಬ್ಬರ.

ನಾನು ನಾಲ್ಕು ಸಲ ಹಡಗು ಹತ್ತಿದವನು. ಎರಡು ಸಲ ಕಂಪನಿ ಲೆಕ್ಕದಲ್ಲಿ, ಎರಡು ಸಲ ನನ್ನದೇ ದುಡ್ಡಿನಲ್ಲಿ. ಚಟ ಅಂದರೂ ಸರಿ. ನೀರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ, ದೋಣಿ ಅಂದರೆ ಆನೆಗೊಂದಿಯ ಹರಿಗೋಲು, ಇಷ್ಟೇ ಕಂಡವನಿಗೆ ಬೆಳಿಗ್ಗೆ ಎದ್ದು ಬಾಲ್ಕನಿ ಬಾಗಿಲು ತೆಗೆದರೆ ನಾಲ್ಕೂ ದಿಕ್ಕಿಗೆ ನೀರು. ಬರೀ ನೀರು. ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಜಗಳ ಇರೋದು "ಫ್ರೀ" ಅನ್ನೋ ಒಂದು ಶಬ್ದದ ಮೇಲೆ.

ಅಳಿಯನ ಬಿಲ್ಲನ್ನೇ ನೋಡಿ. ಮೊದಲ ಸಾಲು ಟಿಪ್ಸ್, 144 ಡಾಲರ್. ಅಂತರರಾಷ್ಟ್ರೀಯ ಹಡಗುಗಳಲ್ಲಿ ಒಬ್ಬರಿಗೆ ದಿನಕ್ಕೆ ಹೆಚ್ಚು ಕಡಿಮೆ 16ರಿಂದ 20 ಡಾಲರ್ ಟಿಪ್ಸನ್ನು ಅವರೇ ಬಿಲ್ಲಿಗೆ ಸೇರಿಸುತ್ತಾರೆ. 18ರಂತೆ ಇಬ್ಬರಿಗೆ ನಾಲ್ಕು ದಿನ, ಅಲ್ಲಿಗೇ 12 ಸಾವಿರ ರೂಪಾಯಿ ದಾಟಿತು. ಟಿಕೆಟ್ ಜೊತೆಗೇ ಕಟ್ಟಿಬಿಡಬಹುದು. ನಿಮ್ಮ ಕಂಪನಿ ಕಟ್ಟಿದೆಯೋ ಇಲ್ಲವೋ, ಹೊರಡುವ ಮುಂಚೆ ಬಾಯಿ ಬಿಟ್ಟು ಕೇಳಿ. ಕೇಳಿದರೆ ಮರ್ಯಾದೆ ಏನೂ ಹೋಗುವುದಿಲ್ಲ. ಇನ್ನೊಂದು ಮಾತು. ಈ ಟಿಪ್ಸ್ ತೆಗೆಸಬೇಕು ಅಂತ ಕೊನೆಯ ರಾತ್ರಿ ಕೌಂಟರ್ ಮುಂದೆ ಸಾಲು ನಿಲ್ಲುವ ನಮ್ಮವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ದಿನಾ ರೂಮು ಗುಡಿಸಿ, ಟವೆಲ್ಲಿನಲ್ಲಿ ಆನೆ ಮಾಡಿ ಹಾಸಿಗೆ ಮೇಲೆ ಕೂರಿಸುವ ಹುಡುಗ ಫಿಲಿಪ್ಪೀನ್ಸ್‌ನವನೋ ಇಂಡೋನೇಷ್ಯಾದವನೋ ಇರುತ್ತಾನೆ. ತಿಂಗಳುಗಟ್ಟಲೆ ಮನೆ ಮುಖ ನೋಡಿರುವುದಿಲ್ಲ. ಅವನ ಹೊಟ್ಟೆ ಮೇಲೆ ಹೊಡೆದು ಉಳಿಸಿ ಏನು ಮಾಡ್ತೀರಿ?

ಎರಡನೇ ಸಾಲು ವೈಫೈ, 160 ಡಾಲರ್. ಇಬ್ಬರಿಗೆ ಎರಡು ಫೋನು, ನಾಲ್ಕು ದಿನ. ಯಾಕಪ್ಪಾ ಅಂದೆ. "ಸ್ಟೇಟಸ್ ಹಾಕಬೇಕಿತ್ತು ಮಾವಾ" ಅಂದ. ಪುಣ್ಯಕ್ಕೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿದ್ದನಂತೆ. ನಾನು ಮೊದಲ ಸಲ ಅದನ್ನೂ ಮಾಡಿರಲಿಲ್ಲ. ದಡ ಬಿಟ್ಟ ಮೇಲೆ ಫೋನು ಹಡಗಿನದೇ ಟವರ್ ಹಿಡಿಯುತ್ತದೆ. ಅದು ಉಪಗ್ರಹದ ಮೇಲೆ ಓಡುವಂಥದ್ದು. ಸಿಂಗಾಪುರಕ್ಕೆ ಅಂತ ಹಾಕಿಸಿಕೊಂಡ ರೋಮಿಂಗ್ ಪ್ಯಾಕ್ ಸಮುದ್ರದ ನಡುವೆ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿ ಹುಡುಗ ಫೋನ್ ಮಾಡಿ, "ಸಾವ್ಕಾರ್ರೇ, ಯೂರಿಯಾ ಲಾರಿ ಬಂತು, ಎಲ್ಲಿ ಇಳಿಸಲಿ?" ಅಂತ ಕೇಳಿದ್ದ. ಹತ್ತು ನಿಮಿಷ ಮಾತಾಡಿದೆ. ಆ ಲಾರಿಯ ಲಾಭವೆಲ್ಲ ಆ ಕರೆಗೇ ಹೋಯಿತು.

ಜ್ಯೂಸಿಗೆ ಬನ್ನಿ. ಮೈಕ್ ಹಿಡಿದವನ ಪ್ರಕಾರ ಜ್ಯೂಸ್ ಫ್ರೀ. ನಿಜ ಏನಂದರೆ ಬಫೆಯಲ್ಲಿ ಯಂತ್ರದಿಂದ ಬರುವ ನೀರು, ನಿಂಬೆ ಶರಬತ್ತು, ಚಹಾ, ಸಾದಾ ಕಾಫಿ, ಇವು ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಬರುತ್ತವೆ. ಬಾಟಲಿ ನೀರು, ಕೋಲಾ, ಕಣ್ಣೆದುರು ಹಿಂಡಿ ಕೊಡುವ ಕಿತ್ತಳೆ ರಸ, ನೊರೆ ಕಾಫಿ, ಇವೆಲ್ಲ ದುಡ್ಡು. ಅದರ ಮೇಲೆ ಶೇಕಡಾ 18ರ ಹತ್ತಿರ ಸರ್ವಿಸ್ ಚಾರ್ಜ್ ಬೇರೆ. ಖಾಲಿ ಬಾಟಲಿ ಒಯ್ಯಿರಿ, ಬಫೆಯಲ್ಲಿ ತುಂಬಿಸಿಕೊಳ್ಳಿ. ನನ್ನ ಹೆಂಡತಿ ಎರಡನೇ ಸಲದಿಂದ ಸ್ಟೀಲ್ ಬಾಟಲಿ ಬಿಟ್ಟು ಹಡಗು ಹತ್ತಿಲ್ಲ.

ಊಟವೂ ಅಷ್ಟೇ. ದೊಡ್ಡ ಡೈನಿಂಗ್ ಹಾಲು, ಬಫೆ, ಎರಡೂ ಟಿಕೆಟ್‌ನಲ್ಲೇ ಇವೆ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ದಿನ ಮತ್ತೊಮ್ಮೆ ಹೇಳಿದರೆ ಅನ್ನ ಬೇಳೆ ಎಲ್ಲಾ ಸಿಗುತ್ತದೆ. ಆದರೆ ಪಕ್ಕದಲ್ಲೇ ಮಂದ ದೀಪ ಹಾಕಿಕೊಂಡ ಸ್ಪೆಷಲ್ ಹೋಟೆಲುಗಳು ಇರುತ್ತವೆ. ಅವಕ್ಕೆ ಬೇರೆ ದುಡ್ಡು. ಅಳಿಯ ಹೆಂಡತಿಯನ್ನು ಕರೆದುಕೊಂಡು ಜಪಾನಿ ಹೋಟೆಲಿಗೆ ಹೊಕ್ಕಿದ್ದಾನೆ. ಅಲ್ಲಿ ಅಡುಗೆಯವನು ಕಾದ ತವೆಯ ಮೇಲೆ ಮೊಟ್ಟೆ ಎಸೆದು, ತಿರುಗಿಸಿ, ಟೊಪ್ಪಿಗೆಯಲ್ಲಿ ಹಿಡಿದು ಆಟ ತೋರಿಸುತ್ತಾನೆ. ಇಬ್ಬರಿಗೆ 120 ಡಾಲರ್. ನಮ್ಮ ಅಳಿಯ ಮೊಟ್ಟೆ ಮುಟ್ಟುವವನಲ್ಲ. ಆಟ ನೋಡಿ, ತರಕಾರಿ ಅನ್ನ ತಿಂದು ಬಂದಿದ್ದಾನೆ. ನಮ್ಮೂರಿನ ಎಗ್‌ರೈಸ್ ಬಂಡಿಯವನು ಅದಕ್ಕಿಂತ ಚೆನ್ನಾಗಿ ಆಡಿಸುತ್ತಾನೆ, ಅಲ್ವಾ?

ಹಡಗು ಹತ್ತುವಾಗ ಫೋಟೋ ಹೊಡೆಯುತ್ತಾರೆ. ಚುಕ್ಕಾಣಿ ಹಿಡಿದು ನಿಲ್ಲಿ, ನಗಿ, ಅಂತೆಲ್ಲ. ಹೊಡೆಸಿಕೊಳ್ಳೋದಕ್ಕೆ ದುಡ್ಡಿಲ್ಲ, ಒಯ್ಯೋದಕ್ಕೆ ದುಡ್ಡು. ಮೂರು ಫೋಟೋ, 60 ಡಾಲರ್.

ಇಷ್ಟೆಲ್ಲ ಆಗುವಾಗ ಒಮ್ಮೆಯೂ ಜೇಬಿಗೆ ಕೈ ಹೋಗಿರುವುದಿಲ್ಲ. ಅಲ್ಲೇ ಇರೋದು ಮಜಾ. ಮೈಕ್ ಹಿಡಿದವನು ಸುಳ್ಳು ಹೇಳಲಿಲ್ಲ, ನೋಡಿ! ಹತ್ತಿದ ದಿನವೇ ಒಂದು ಕಾರ್ಡ್ ಕೊಡುತ್ತಾರೆ. ಅದೇ ರೂಮಿನ ಕೀಲಿ, ಅದೇ ಗುರುತಿನ ಚೀಟಿ, ಅದೇ ಖಾತೆ. ಎಲ್ಲಿ ಹೋದರೂ ಅದನ್ನು ತೋರಿಸಿದರೆ ಸಾಕು. ಟಪ್ ಅಂತ ಸದ್ದು, "ಥ್ಯಾಂಕ್ಯೂ ಸಾರ್" ಅನ್ನೋ ನಗು. ಆ ಖಾತೆಯ ಹಿಂದೆ ನಮ್ಮ ಬ್ಯಾಂಕ್ ಕಾರ್ಡಿನ ನಂಬರ್ ಇರುತ್ತದೆ. ಇಲ್ಲಿ ಡೆಬಿಟ್ ಕಾರ್ಡ್ ಕೊಡಬೇಡಿ. ಮುಂಗಡ ಅಂತ ಅವರು ಹಿಡಿದಿಡುವ ದುಡ್ಡು ಊರಿಗೆ ಬಂದ ಮೇಲೂ ಎಷ್ಟೋ ದಿನ ಖಾತೆಗೆ ವಾಪಸ್ ಬರುವುದಿಲ್ಲ. ಕ್ರೆಡಿಟ್ ಕಾರ್ಡ್ ಆದರೆ ಆ ತಾಪತ್ರಯ ಕಡಿಮೆ. ಮತ್ತೆ, ದಿನಾ ರಾತ್ರಿ ಖಾತೆ ನೋಡಿ. ಟಿವಿಯಲ್ಲೋ ಆ್ಯಪ್‌ನಲ್ಲೋ ಕಾಣಿಸುತ್ತದೆ. ಕೊನೆಯ ದಿನ ಒಮ್ಮೆಲೇ ನೋಡಿದರೆ ಎದೆ ಒಡೆಯುತ್ತದೆ.

ಗೆಳೆಯರೊಬ್ಬರು ಫೋನ್ ಮಾಡಿದ್ದರು. "ಲಕ್ಷಾಂತರದ ಟೂರ್ ಕಂಪನಿ ಕೊಟ್ಟಿದೆ, ಮೇಲಿನ ಚಿಲ್ಲರೆಗೆ ಯಾಕೆ ಅಳ್ತೀರಿ?" ಅಂದರು. ಸರಿ, ಅವರ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ ಅಂತಿಟ್ಟುಕೊಳ್ಳೋಣ. ಆದರೆ ಆ ಟೂರಾದರೂ ಫ್ರೀ ಹೌದೇ? 2022ರ ಜುಲೈ 1ರಿಂದ ಆದಾಯ ತೆರಿಗೆಯಲ್ಲಿ 194ಆರ್ ಅಂತ ಒಂದು ಕಲಂ ಬಂತು. ವ್ಯಾಪಾರದ ಕಾರಣಕ್ಕೆ ವರ್ಷಕ್ಕೆ 20 ಸಾವಿರಕ್ಕಿಂತ ಜಾಸ್ತಿ ಬೆಲೆಯ ಲಾಭವೋ ಉಡುಗೊರೆಯೋ ಸಿಕ್ಕರೆ ಶೇಕಡಾ 10 ಟಿಡಿಎಸ್, ಅಂದರೆ ಕೊಡುವವರೇ ಮೊದಲು ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಡೀಲರ್ ಟೂರ್ ಕೂಡ ಅದರಲ್ಲೇ ಬರುತ್ತದೆ. ಆಡಿಟರ್ ಫೋನ್ ಮಾಡಿ "ಸಾವ್ಕಾರ್ರೇ, ನಿಮ್ಮ ಆದಾಯದಾಗ ಒಂದು ಹಡಗು ಕೂತೈತ್ರಿ" ಅಂದಾಗಲೇ ನನಗೆ ಇದು ಗೊತ್ತಾಗಿದ್ದು. ಚಿಲ್ಲರೆಯಂತೆ!

ಈಗ ನಿಜವಾಗಿ ಫ್ರೀ ಇರುವುದನ್ನು ಹೇಳುತ್ತೇನೆ. ಹಡಗು ಬಿಡುವ ಮುಂಚೆ ಅಪಾಯದಲ್ಲಿ ಏನು ಮಾಡಬೇಕು, ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಅಂತ ಕಲಿಸುತ್ತಾರೆ. ಇದೊಂದಕ್ಕೆ ಕಾರ್ಡ್ ಟಪ್ ಅಂದರೂ ದುಡ್ಡು ಬೀಳುವುದಿಲ್ಲ. ನಮ್ಮವರು ತಪ್ಪಿಸಿಕೊಳ್ಳೋದು ಇದೊಂದನ್ನೇ. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಹಡಗು ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಆವತ್ತೇ ಹಡಗು ಹತ್ತಿದ ಎಷ್ಟೋ ಜನರಿಗೆ ಇನ್ನೂ ಈ ಪಾಠ ಆಗಿರಲಿಲ್ಲ. ಆಮೇಲೆಯೇ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಲೇಬೇಕು ಅಂತ ನಿಯಮ ಬಿಗಿಯಾಯಿತು. ನಾವು ಹೋದಾಗ ನಮ್ಮ ಗುಂಪಿನಲ್ಲಿ ಇಬ್ಬರು ಈ ಪಾಠದ ಹೊತ್ತಿಗೆ ರೂಮಿನಲ್ಲಿ ಇಸ್ಪೀಟು ಆಡುತ್ತಿದ್ದರು. ಅವರ ಹೆಸರು ಹಾಕುವುದಿಲ್ಲ, ಇಬ್ಬರೂ ಇದನ್ನು ಓದುತ್ತಾರೆ.

ಇನ್ನೊಂದಿಷ್ಟು, ಅವಸರದಲ್ಲಿ. ಇಸ್ತ್ರಿ ಪೆಟ್ಟಿಗೆ, ಕೆಟಲ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ಎತ್ತಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ನನ್ನ ಹೆಂಡತಿಯ ಇಸ್ತ್ರಿ ಪೆಟ್ಟಿಗೆ ಮೂರು ದೇಶದ ನೀರು ನೋಡಿ ಬಂದಿದೆ, ಒಂದು ಸೀರೆಯನ್ನೂ ಮುಟ್ಟಿಲ್ಲ. ಮನೆಯಲ್ಲಿ ಮಾಡಿದ ಊಟವನ್ನೂ ಬಹಳ ಕಡೆ ಬಿಡುವುದಿಲ್ಲ, ಮುಚ್ಚಿದ ಪ್ಯಾಕೆಟ್ ಸಾಮಾನ್ಯವಾಗಿ ನಡೆಯುತ್ತದೆ. ರೂಮಿನ ಗೋಡೆ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಟವೆಲ್ಲು, ಟೊಪ್ಪಿಗೆ ಎಲ್ಲಾ ನೇತಾಕಬಹುದು. ತಲೆ ಸುತ್ತುವವರು ಹಡಗಿನ ನಡುಭಾಗದ, ಕೆಳಗಿನ ಮಜಲಿನ ರೂಮು ಕೇಳಿ. ಸಿಂಗಾಪುರದಿಂದ ಹೊರಟು ಮತ್ತೆ ಅಲ್ಲಿಗೇ ಬರುವುದಾದರೆ ಎರಡನೇ ಸಲ ಒಳಗೆ ಬಿಡುವ ವೀಸಾ ಇದೆಯೋ ನೋಡಿಕೊಳ್ಳಿ. ಒಂದು ದಿನ ಮುಂಚೆಯೇ ಹೋಗಿ ಉಳಿಯಿರಿ. ಹೈದರಾಬಾದ್ ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಬಂದರಿನಲ್ಲಿ ಸ್ವಂತ ಟ್ಯಾಕ್ಸಿ ಮಾಡಿಕೊಂಡು ಊರು ಸುತ್ತಲು ಹೋದವರಿಗೂ ಕಾಯುವುದಿಲ್ಲ. ಕೊನೆಯ ರಾತ್ರಿ ದೊಡ್ಡ ಬ್ಯಾಗನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಅದರಲ್ಲಿ ಎಲ್ಲಾ ಪ್ಯಾಂಟು ತುಂಬಿ ಕೊಟ್ಟು, ಬೆಳಿಗ್ಗೆ ಪಟ್ಟಾಪಟ್ಟಿ ಚಡ್ಡಿಯಲ್ಲಿ ನಾಷ್ಟಾಕ್ಕೆ ಬಂದ ಮಹಾನುಭಾವರು ನಮ್ಮ ತಾಲೂಕಿನಲ್ಲೇ ಇದ್ದಾರೆ.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಸಿಂಧನೂರಿನ ನಮ್ಮ ಬಳಗಕ್ಕೆ "ಹಡಗಿನಾಗ ಎಲ್ಲಾ ಫ್ರೀ" ಅನ್ನೋ ಮಾತು ತಂದವನು ಆ ಟೂರ್‌ನವನಲ್ಲ. ನಾನೇ. ಮೊದಲ ಸಲ ಹೋಗಿಬಂದಾಗ ನನ್ನ ಬಿಲ್ಲು ಅಳಿಯನದಕ್ಕಿಂತ ದೊಡ್ಡದಿತ್ತು. ಮನೆಯಲ್ಲಿ ಹೇಳಲಿಲ್ಲ. ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಚಹಾ ತರಿಸಿ, "ಒಂದ್ ರೂಪಾಯಿ ಬಿಚ್ಚಲಿಲ್ಲ ನೋಡ್ರಿ" ಅಂತ ಹದಿನೈದು ದಿನ ಹೇಳಿಕೊಂಡು ತಿರುಗಿದೆ. ಜೀವಮಾನವೆಲ್ಲ ಉದ್ರಿ ಬರೆದುಕೊಂಡವನು ಯಾರದೋ ಉದ್ರಿ ಪುಸ್ತಕದಲ್ಲಿ ಬಿದ್ದು ಬಂದೆ ಅಂತ ಹೇಗೆ ಹೇಳಲಿ? ಆಗ ಅಳಿಯ ಕಾಲೇಜಿನಲ್ಲಿದ್ದ. ಕುರ್ಚಿ ಪಕ್ಕ ನಿಂತು ಎಲ್ಲಾ ಕೇಳಿಸಿಕೊಂಡಿದ್ದ. ಹಾಗಾಗಿ ಅವನು ಬಿಲ್ಲು ತಂದಿದ್ದು ಟೂರ್‌ನವನ ಹತ್ತಿರ ಅಲ್ಲ, ನನ್ನ ಹತ್ತಿರ.

ಆವತ್ತು ಅಂಗಡಿಯಲ್ಲಿ ಚೀಲಗಳ ಮೇಲೆ ನಮ್ಮ ಹಳೇ ಗಿರಾಕಿ ಅಜ್ಜ ಒಬ್ಬರು ಕೂತಿದ್ದರು. ಎಂಟು ಎಕರೆ ಭತ್ತ. ನಾಟಿಗೆ ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ ಒಯ್ದರೆ ಲೆಕ್ಕ ಮುಟ್ಟುವುದು ಸುಗ್ಗಿಗೆ. ನಾನು ಅಳಿಯನಿಗೆ ಆ ಕಾರ್ಡಿನ ಮರ್ಮ ಬಿಡಿಸಿ ಹೇಳುತ್ತಿದ್ದೆ. ಒಯ್ಯುವಾಗ ಗೊತ್ತಾಗಲ್ಲ, ನಗುನಗುತ್ತಾ ಕೊಡ್ತಾರೆ, ಕೊನೆಗೆ ಹಾಳೆ ಕೈಗಿಡ್ತಾರೆ, ಇತ್ಯಾದಿ. ಅಜ್ಜ ಎಲ್ಲಾ ಕೇಳಿಸಿಕೊಂಡರು. ಆಮೇಲೆ, "ಇದರಾಗ ಹೊಸದೇನೈತ್ರಿ ಸಾವ್ಕಾರ್ರ? ನಿಮ್ಮ ಅಂಗಡಿ ಖಾತೆನೂ ಹಿಂಗ ಅಲ್ರಿ" ಅಂದರು.

ಅಳಿಯ ನಕ್ಕ. ಬಂದ ದಿನದಿಂದ ಅದೇ ಮೊದಲ ಸಲ. ನಾನು ಬಿಲ್ಲನ್ನು ಮಡಚಿ ಅವನ ಕೈಗೆ ಕೊಟ್ಟು, ಹುಡುಗನಿಗೆ ಮೂರು ಚಹಾ ತರಲು ಹೇಳಿದೆ. ಚಹಾ ಬಂತು. ಅಜ್ಜ ಲೋಟ ಕೈಗೆ ತೆಗೆದುಕೊಂಡವರು ತುಟಿಗೆ ಹಚ್ಚಲಿಲ್ಲ.

"ಚಾ ಫ್ರೀ ಏನ್ರಿ? ಇಲ್ಲಾ ಇದನ್ನೂ ಖಾತೆಗೆ ಹಚ್ಚತೀರೇನು?"