ಮಗ್ಗಿ ಹಾಡಿಸಿದರೆ ಸಾಲದು, ತಾಳವನ್ನೂ ಹಾಕಿಸಿ

ಮಗ್ಗಿಯನ್ನು ರಾಗವಾಗಿ ಹಾಡಿಸಿದರೆ ಮಕ್ಕಳಿಗೆ ಗಣಿತ ಸುಲಭವಾಗುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ಅರ್ಧ ಒಪ್ಪುತ್ತೇನೆ. ಹಾಡು ಬಾಯಿಪಾಠಕ್ಕೆ ಒಳ್ಳೆಯದು. ಆದರೆ ಆರೇಳ್ಲ ಎಷ್ಟು ಎಂದು ನಡುವೆ ಕೇಳಿದರೆ ಮಗು ಮತ್ತೆ ಆರೊಂದ್ಲ ಆರರಿಂದಲೇ ಶುರು ಮಾಡುತ್ತದೆ, ಅಲ್ವಾ?

ನಿಜವಾದ ಲೆಕ್ಕ ಇರುವುದು ತಾಳದಲ್ಲಿ. ಕರ್ನಾಟಕ ಸಂಗೀತದ ಆದಿತಾಳ ಹಾಕಿಸಿ ನೋಡಿ. ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಬೀಸುವುದು ಎರಡು ಸಲ. 4+2+2, ಒಟ್ಟು 8. ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮೊದಲ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ಹಾಡಿದರೆ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 8 ಸ್ವರ, ಎರಡನೇ ಕಾಲದಲ್ಲಿ 16, ಮೂರನೆಯದರಲ್ಲಿ 32. ದುಪ್ಪಟ್ಟು ಎಂದರೇನು ಎಂದು ಕೈಗೇ ಗೊತ್ತಾಗುತ್ತದೆ.

ಸ್ವಲ್ಪ ದೊಡ್ಡವರಿಗೆ ಅದೇ ತಾಳಕ್ಕೆ ‘ತಕಿಟ’ ಎಂಬ ಮೂರಕ್ಷರವನ್ನು ಮತ್ತೆ ಮತ್ತೆ ಹೇಳಿಸಿ, ಎಣಿಕೆಗೊಂದು ಅಕ್ಷರದಂತೆ. ಮೊದಲ ಆವರ್ತ ಮುಗಿದಾಗ ಎರಡೂ ಕೂಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಮುಗಿದಾಗ, 24ಕ್ಕೆ, ತಕಿಟವೂ ತಾಳವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಆಗ ಮಕ್ಕಳ ಮುಖ ನೋಡಬೇಕು! ಮುಂದೆ ಕಲಿಯುವ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಇದೇ. ಆ ಹೆಸರು ಈಗಲೇ ಬೇಡ.

ಸಂಗೀತದ ಟೀಚರ್ ಇಲ್ಲದ ಶಾಲೆಯಲ್ಲೂ ಇದು ನಡೆಯುತ್ತದೆ. ಶ್ರುತಿಪೆಟ್ಟಿಗೆ ಬೇಕಿಲ್ಲ. ವೇಗ ಮಾತ್ರ ಜಾಸ್ತಿ ಮಾಡಬೇಡಿ, ಚಿಕ್ಕವರ ಎಣಿಕೆ ತಪ್ಪುತ್ತದೆ.