ಕಥೆ ಏನು? ಪ್ರಿಂಟ್ ಯಾವುದು?

ಹಳೆಯ ಸಿನಿಮಾ ಒಂದನ್ನು ನೋಡಿ ಬಂದೆ ಅಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಕಥೆ ಏನು?" ಕರ್ನಾಟಕ ಬಿಟ್ಟ ಮೇಲೆ ನಾನು ಸೇರಿಕೊಂಡ ಸಿನಿಮಾ ಗುಂಪಿನಲ್ಲಿ ಕೇಳುವುದೇ ಬೇರೆ: "ಪ್ರಿಂಟ್ ಯಾವುದು?" ಅಂದರೆ, ನೋಡಿದ್ದು ಚಿತ್ರದ ಯಾವ ಪ್ರತಿ, ಹಳೆಯದೋ ದುರಸ್ತಿಯಾದದ್ದೋ ಅಂತ. ಮೊದಮೊದಲು ಇದು ಒಣಜಂಭ ಅನ್ನಿಸಿತ್ತು. ಕಾಗದ ಬಂದರೆ ಓದುವುದು ಬಿಟ್ಟು ಲಕೋಟೆ ತಿರುಗಿಸಿ ನೋಡಿದ ಹಾಗೆ.

ಆ ಅಭಿಪ್ರಾಯ ಬದಲಾಗಿದ್ದು ಫ್ರೆಂಚ್ ನಿರ್ದೇಶಕ ಝಾನ್ ವಿಗೋನ 'ಲ'ಅತಲಾಂತ್' ನೋಡಿದಾಗ. ಸರಕು ದೋಣಿಯಲ್ಲಿ ಸಂಸಾರ ಹೂಡುವ ಹೊಸ ಜೋಡಿಯ ಚಿತ್ರ, 1934ರದ್ದು. ವಿತರಕರು ಅದಕ್ಕೆ ಕತ್ತರಿ ಆಡಿಸಿ, ಆಗ ಎಲ್ಲರ ಬಾಯಲ್ಲಿದ್ದ ಹಾಡೊಂದನ್ನು ತುರುಕಿ, ಹಾಡಿನ ಹೆಸರನ್ನೇ ಚಿತ್ರಕ್ಕೂ ಇಟ್ಟುಬಿಟ್ಟರು. ವಿಗೋ ಅದೇ ವರ್ಷ 29ನೇ ವಯಸ್ಸಿಗೆ ತೀರಿಕೊಂಡ. ಅವನು ಮಾಡಿದ್ದಕ್ಕೆ ಹತ್ತಿರವಾದ ರೂಪ ತೆರೆಗೆ ಬಂದಿದ್ದು 1990ರಲ್ಲಿ. ಹೆಂಡತಿಯನ್ನು ಕಳೆದುಕೊಂಡವನು ನದಿಗೆ ಹಾರಿ ನೀರೊಳಗೆ ಕಣ್ಣು ಬಿಡುತ್ತಾನೆ. ಮದುವೆಯ ಬಿಳಿ ಉಡುಪಿನಲ್ಲಿ ಅವಳು ನಗುತ್ತಾ ತೇಲಿಬರುತ್ತಾಳೆ. ಮಸುಕು ಪ್ರತಿಯಲ್ಲಿ ಅದು ಬರೀ ಬೂದು ಕಲೆ, ನಾನೇ ನೋಡಿದ್ದೇನೆ.

ಇರಾನಿನ ಮೊಹಮ್ಮದ್ ರೆಜಾ ಅಸ್ಲಾನಿಯ 'ಚೆಸ್ ಆಫ್ ದಿ ವಿಂಡ್' ಕೂಡ ಹಾಗೆಯೇ. 1976ರ ಚಿತ್ರ, ಕ್ರಾಂತಿಯ ನಂತರ ನಿಷೇಧ, ಆಮೇಲೆ ಕಳೆದೇಹೋಯಿತು ಅಂತಲೇ ಎಲ್ಲರ ಲೆಕ್ಕ. 2014ರಲ್ಲಿ ಅದರ ರೀಲುಗಳು ನಿರ್ದೇಶಕರ ಮಗನ ಕಣ್ಣಿಗೆ ಬಿದ್ದಿದ್ದು ಹಳೆ ಸಾಮಾನಿನ ಅಂಗಡಿಯಲ್ಲಿ! ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವೂ ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಪ್ರಿಂಟ್ ಕೇಳುವವರು ಇಲ್ಲದಿದ್ದರೆ ಇಂಥ ಕೆಲಸಕ್ಕೆ ಯಾರು ಕೂರುತ್ತಿದ್ದರು?

ಹಾಗಂತ ಈ ಜನರಿಗೆ ಪೂರ್ತಿ ಶರಣಾಗಲು ಮನಸ್ಸಿಲ್ಲ. ಇವರಿಗೆ ಪಟ್ಟಿಯ ಹುಚ್ಚು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಸಿನಿಮಾ ಪತ್ರಿಕೆ ಎಲ್ಲ ಕಾಲದ ಶ್ರೇಷ್ಠ ಚಿತ್ರ ಯಾವುದು ಅಂತ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 2022ರಲ್ಲಿ ಅಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ 1975ರಲ್ಲಿ ಮಾಡಿದ 'ಝಾನ್ ದೀಲ್ಮನ್'. 2012ರ ಪಟ್ಟಿಯಲ್ಲಿ ಅದು ಮೊದಲ ಮೂವತ್ತರೊಳಗೂ ಇರಲಿಲ್ಲ. ನಡುವೆ ಚಿತ್ರವೇನೂ ಬದಲಾಗಲಿಲ್ಲ. ಮತ ಹಾಕಿದವರು 846ರಿಂದ 1,639ಕ್ಕೆ ಏರಿದರು, ಅಷ್ಟೇ. ಅಲ್ಲಿಯವರೆಗೆ ಅದರ ಸುದ್ದಿಯನ್ನೇ ಎತ್ತದ ನಮ್ಮ ಗುಂಪು ಮರುವಾರವೇ ಅದನ್ನು ಹಾಕಿತು.

ಮೂರು ಗಂಟೆ ಇಪ್ಪತ್ತು ನಿಮಿಷ ಮೀರಿದ ಚಿತ್ರ. ಒಬ್ಬ ವಿಧವೆಯ ಮೂರು ದಿನ. ಹಾಸಿಗೆ ಸರಿಮಾಡುತ್ತಾಳೆ, ಅಡುಗೆ ಮಾಡುತ್ತಾಳೆ, ಮಗನಿಗೆ ಬಡಿಸುತ್ತಾಳೆ. ಮಧ್ಯಾಹ್ನ ಒಬ್ಬ ಗಿರಾಕಿ ಬಂದು ಹೋಗುತ್ತಾನೆ, ಅವನು ಕೊಟ್ಟ ದುಡ್ಡು ಊಟದ ಮೇಜಿನ ಮೇಲಿನ ಸೂಪಿನ ಬೋಗುಣಿಗೆ. ಎರಡನೇ ದಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಪಾತ್ರೆ ಹಿಡಿದುಕೊಂಡು, ಏನು ಮಾಡಬೇಕೆಂದು ತೋಚದೆ ಮನೆಯೊಳಗೆ ಓಡಾಡುತ್ತಾಳೆ. ಕ್ಯಾಮೆರಾ ಅಲುಗದೆ ನೋಡುತ್ತಿರುತ್ತದೆ. ಮುಗಿದ ಮೇಲೆ ನಮ್ಮ ಗುಂಪಿನಲ್ಲಿ ಒಂದು ಗಂಟೆ ಚರ್ಚೆ: ಶಾಟ್ ಎಷ್ಟು ಉದ್ದ, ಬಣ್ಣ ತಿದ್ದಿದ್ದು ಸರಿಯೇ, ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಬರಬೇಕಾದ್ದು ಯಾವುದು.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. "ಕಥೆ ಏನೋ?" ಅಂದಳು. "ಆಲೂಗಡ್ಡೆ ಜಾಸ್ತಿ ಬೇಯತ್ತೆ ಕಣೇ" ಅಂದೆ. ಬೈದಳು. ಆದರೂ ಹುಡುಕಿಕೊಂಡು, ನಾಲ್ಕು ಕಂತಿನಲ್ಲಿ, ಪಾತ್ರೆ ತೊಳೆಯುವ ನಡುವೆ ಫೋನಿನ ಪುಟ್ಟ ಪರದೆಯಲ್ಲಿ ನೋಡಿದಳು. ನಮ್ಮ ಗುಂಪಿನವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ವಾರದ ಮೇಲೆ ಅವಳೇ ಫೋನ್ ಮಾಡಿದಳು. "ಆಲೂಗಡ್ಡೆ ಬಿಡು, ಅದಕ್ಕೂ ಮುಂಚೇನೇ ನಂಗೆ ಹೊಟ್ಟೆ ಕಿವುಚಿದ ಹಾಗಾಯ್ತು. ದುಡ್ಡು ಹಾಕಿದ ಬೋಗುಣಿಗೆ ಮುಚ್ಚಳ ಮುಚ್ಚೋದು ಮರೆತಳಲ್ಲ, ನೋಡ್ಲಿಲ್ವಾ ನೀನು?"

ನೋಡಿರಲಿಲ್ಲ.